ಜೋಳದ ಪೆಟ್ರೋಲು, ಬರಿ ಪೆಟ್ರೋಲು

ವಾರಕ್ಕೆ ಮೂರು ದಿನ ವರ್ಲಾ ತನ್ನ ಭಾವನನ್ನು ಸೂ ಫಾಲ್ಸ್ ನಗರಕ್ಕೆ ಕರೆದುಕೊಂಡು ಹೋಗಿ ವಾಪಸು ಕರೆತರುತ್ತಿದ್ದಳು. ಭಾವ ಅಂದರೆ ತೀರಿಹೋದ ಅಕ್ಕ ಆರ್ಡಿತ್‌ಳ ಗಂಡ, ಲೈಲ್. ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಯಂತ್ರದ ಪಕ್ಕ ನಾಲ್ಕು ಗಂಟೆ ಕೂತು ರಕ್ತ ಶುದ್ಧಮಾಡಿಸಿಕೊಂಡರಷ್ಟೇ ಜೀವ. ಹೋಗಲು ಅರವತ್ತು ಮೈಲಿ, ಬರಲು ಅರವತ್ತು ಮೈಲಿ. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ದುಡಿದು, ಇನ್ನು ಕತ್ತಲಿರುವಾಗಲೇ ಏಳುವ ಕೆಲಸ ತಪ್ಪಿತು ಎಂದು ವರ್ಲಾ ಉಸಿರುಬಿಟ್ಟ ವರ್ಷವೇ ಇದು ಕೊರಳಿಗೆ ಬಿದ್ದಿತ್ತು. ಲೈಲನಿಗೆ ಮಕ್ಕಳಿರಲಿಲ್ಲ. ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಯಾರೂ ಕೇಳಲಿಲ್ಲ, ನಾನೇ ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ಮೊದಲ ದಿನ ಕಾರು ಹೊರಡಿಸಿದವಳು ಹಾಗೇ ಓಡಿಸುತ್ತ ಉಳಿದಳು.

ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಕಾಯಿಲೆಯ ವಿಷಯ ಎತ್ತಬಾರದು, ಆರ್ಡಿತ್‌ಳ ವಿಷಯವನ್ನೂ ಎತ್ತಬಾರದು. ಹಾಗಾಗಿ ಸೆಪ್ಟೆಂಬರಿನ ಕೊನೆಯಲ್ಲಿ ಒಂದು ದಿನ ಪೆಟ್ರೋಲಿನ ಜಗಳ ಶುರುವಾದಾಗ ಇಬ್ಬರಿಗೂ ಒಳಗೊಳಗೇ ಹಾಯೆನಿಸಿತು.

ಬಂಕಿನಲ್ಲಿ ಅವಳು ಎಥನಾಲ್ ಬೆರೆಸದ ಪೆಟ್ರೋಲಿನ ಪಂಪಿಗೆ ಕೈಹಾಕಿದ್ದನ್ನು ಲೈಲ್ ಕಾರಿನೊಳಗಿಂದ ನೋಡಿದ. ಅವನು ಬೆಳೆದ ಮೆಕ್ಕೆಜೋಳವೆಲ್ಲ ಹೋಗುತ್ತಿದ್ದುದು, ಪೆಟ್ರೋಲಿಗೆ ಬೆರೆಸಲು ಜೋಳದಿಂದ ಎಥನಾಲ್ ತೆಗೆಯುವ ಕಾರ್ಖಾನೆಗೆ. ಆ ಕಾರ್ಖಾನೆ ಕಟ್ಟಲು ಮನೆಮನೆ ತಿರುಗಿ ಒಪ್ಪಿಸಿದವರಲ್ಲಿ ಅವನೂ ಒಬ್ಬ.

"ನಮ್ಮ ಹೊಲದ ಜೋಳ ನಿನ್ ಕಾರಿಗೆ ರುಚಿಸಲ್ವಾ?" ಎಂದ, ಅವಳು ಬಾಗಿಲು ಹಾಕುತ್ತಿದ್ದಂತೆ.

"ರುಚಿಸತ್ತೆ. ಬೇಗ ಹಸಿವಾಗತ್ತೆ ಅಷ್ಟೆ."

ಜೋಳದ ಪೆಟ್ರೋಲಿಗೆ ಕಾರು ಕಡಿಮೆ ಓಡುತ್ತದೆ ಎಂದು ಅವಳು. ಅದೆಲ್ಲ ಬಾಯಿಮಾತು, ಗಾಳಿ ಎದುರಿಗಿದ್ದ ದಿನ ಯಾವುದು ಹಾಕಿದರೂ ಕಡಿಮೆಯೇ ಎಂದು ಅವನು. ಕೊನೆಗೆ ಲೈಲನೇ ಪರೀಕ್ಷೆ ಹೂಡಿದ. ಒಂದು ವಾರ ಬರಿ ಪೆಟ್ರೋಲು, ಮುಂದಿನ ವಾರ ಜೋಳದ್ದು. ಒಂದೇ ರಸ್ತೆ, ಒಂದೇ ಬಂಕು, ಟ್ಯಾಂಕು ಬಹುಪಾಲು ಖಾಲಿಯಾದ ಮೇಲೆಯೇ ಬದಲಾವಣೆ. ವೇಗ ಗಂಟೆಗೆ ಐವತ್ತೈದು ಮೈಲಿಯ ಮೇಲೆ ಹೋಗಕೂಡದು, ಕೆಳಗೂ ಇಳಿಯಕೂಡದು.

ಐವತ್ತೈದರಲ್ಲಿ ಆ ದಾರಿ ಇನ್ನೂ ಉದ್ದವಾಯಿತು. ಸುಗ್ಗಿಯ ಜೋಳ ಹೊತ್ತ ಲಾರಿಗಳು ಹಿಂದೆ ಬಂದು ಹಾರ್ನ್ ಹೊಡೆದು, ಪಕ್ಕದಲ್ಲಿ ನುಗ್ಗಿಹೋಗುತ್ತಿದ್ದವು. ಲೈಲ್ ವೇಗ ತೋರಿಸುವ ಮುಳ್ಳಿನ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಚಿಕಿತ್ಸೆ ಮುಗಿಸಿ, ಹಿಂಡಿದ ಬಟ್ಟೆಯಂತಾಗಿ ಕಾರು ಹತ್ತಿದಾಗಲೂ ಮೊದಲು ಕೇಳುತ್ತಿದ್ದದ್ದು ಮೈಲಿಯನ್ನೇ. ಅವನ ಮುಖಕ್ಕೆ ಒಂದಿಷ್ಟು ಕಳೆ ಬಂದದ್ದು ಕಂಡು ವರ್ಲಾ ಐವತ್ತೈದರಲ್ಲೇ ಓಡಿಸುತ್ತಿದ್ದಳು. ಅವಳಿಗೆ ಈಗ ಯಾವ ಪೆಟ್ರೋಲು ಗೆದ್ದರೂ ಒಂದೇ ಆಗಿತ್ತು. ರಾತ್ರಿ ಮಲಗಿದರೂ ರಸ್ತೆ ಕಣ್ಣೊಳಗೆ ಓಡುತ್ತಲೇ ಇರುತ್ತಿತ್ತು.

ಎರಡನೆಯ ವಾರದ ಶುಕ್ರವಾರ, ವಾಪಸು ಬರುವಾಗ, ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬೆಚ್ಚಗೆ ಬಿದ್ದಿತ್ತು. ರಸ್ತೆ ನೆಟ್ಟಗಿತ್ತು. ಚಕ್ರದಡಿ ಜಲ್ಲಿ ಕರಕರ ಎಂದದ್ದು ಅವಳಿಗೆ ಕೇಳಿಸಿತು, ಆದರೆ ಬೇರೆ ಯಾರದೋ ಮನೆಯಲ್ಲಿ ಕೇಳಿಸಿದಂತೆ. ಲೈಲ್ ಅವಳ ಹೆಸರು ಹಿಡಿದು ಕೂಗಿದ. ಕಣ್ಣು ಬಿಟ್ಟಾಗ ಕಾರು ಚರಂಡಿ ದಾಟಿ, ಒಣಗಿ ನಿಂತ ಜೋಳದ ಸಾಲಿಗೆ ನುಗ್ಗಿ ನಿಂತಿತ್ತು. ಎಡಗಡೆಯ ಕನ್ನಡಿ ಮುರಿದಿತ್ತು. ಇಬ್ಬರಿಗೂ ಏನೂ ಆಗಿರಲಿಲ್ಲ.

ಕಾರು ಎಳೆಯುವ ಲಾರಿ ಬರುವವರೆಗೆ ಇಬ್ಬರೂ ರಸ್ತೆಯಂಚಿನ ಹುಲ್ಲಿನ ಮೇಲೆ ಕೂತರು. ಲೈಲ್ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿದ.

"ಎಷ್ಟ್ ದಿನದಿಂದ ಹೀಗೆ?"

"ಹೇಗೆ?"

"ಕಣ್ಣು ಎಳಕೊಂಡು ಹೋಗೋದು."

"ಬೇಸಿಗೆಯಿಂದ್ಲೂ ಇದೆ," ಎಂದಳು. ಸುಳ್ಳು ಹೇಳುವಷ್ಟೂ ಶಕ್ತಿ ಉಳಿದಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆಸ್ಪತ್ರೆಗೆ ಹೋಗೋದೇ ಬಿಟ್ಬಿಡ್ತಿದ್ದೆ."

ಅವನು ಇಲ್ಲ ಎನ್ನಲಿಲ್ಲ. ದೂರದಲ್ಲಿ ಯಾರದೋ ಕಟಾವು ಯಂತ್ರ ಧೂಳೆಬ್ಬಿಸಿಕೊಂಡು ಹೊಲದ ಆ ತುದಿಗೆ ಹೋಗಿ ತಿರುಗಿ ಬಂತು.

ಸೋಮವಾರ ಅದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿದಾಗ ಲೆಕ್ಕ ಬಂತು. ಲೈಲ್ ಬಾಯಲ್ಲೇ ಭಾಗಿಸಿ ನೋಡಿದ. ಅವಳು ಕೇಳದಿದ್ದರೂ ಹೇಳಿದ.

"ನಿನ್ನದೇ ಮುಂದೆ. ಗ್ಯಾಲನ್ನಿಗೆ ಒಂದು ಮೈಲೀನೂ ಪೂರ್ತಿ ಇಲ್ಲ, ಆದ್ರೂ ಮುಂದೆ. ಕಾರ್ಖಾನೆ ಕಟ್ಟೋವಾಗ ಎಂಜಿನಿಯರು ಇದನ್ನೇ ಹೇಳಿದ್ದ. ನಾವು ಕೇಳಿಸ್ಕೊಳ್ಳಲಿಲ್ಲ."

"ಅಷ್ಟಕ್ಕೇನಾ ನಾನು ಎರಡು ವಾರ ಆಮೆ ಥರ ಓಡಿಸಿದ್ದು?"

"ಇನ್ನೊಂದು ಲೆಕ್ಕಾನೂ ಹಾಕ್ದೆ," ಎಂದ ಅವನು, ಕಿಟಕಿಯ ಕಡೆ ಮುಖ ಮಾಡಿ. "ಶುರುವಾದಾಗಿಂದ ನೀನು ಓಡಿಸಿದ್ದೆಲ್ಲ ಕೂಡಿಸಿದ್ರೆ ಭೂಮೀನ ಒಂದ್ ಸುತ್ತು ಹಾಕಿದ್ದೀಯ, ವರ್ಲಾ. ಅದೂ ಇದೊಂದೇ ರಸ್ತೇಲಿ. ನಾನು ಬರೀ ಪೆಟ್ರೋಲ್ ನೋಡ್ತಾ ಕೂತಿದ್ದೆ."

ಆಮೇಲೆ ಅವನು ತಾನು ಮಾಡಿಕೊಂಡ ಏರ್ಪಾಡನ್ನು ಹೇಳಿದ. ಚಿಕಿತ್ಸೆ ಕೊಡುವ ಕೇಂದ್ರದ ಹಿಂದಿನ ಬೀದಿಯಲ್ಲೇ ವಯಸ್ಸಾದವರ ವಸತಿಗೃಹವಿತ್ತು, ಅಲ್ಲಿ ಒಂದು ಕೋಣೆ ಖಾಲಿಯಿತ್ತು. ಹೊಲವನ್ನು ಹೇಗೂ ಪಕ್ಕದವರೇ ಉಳುತ್ತಿದ್ದರು. ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತೇನೆ ಎಂದ. ಬೇಡ ಎಂದು ವರ್ಲಾ ಹೇಳಿದಳು. ಆರ್ಡಿತ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದಳು. ತನ್ನ ದನಿಯಲ್ಲಿ ಕಸುವೇ ಇಲ್ಲದ್ದು ಅವಳಿಗೂ ಕೇಳಿಸಿತು, ಅವನಿಗೂ ಕೇಳಿಸಿತು.

"ಜಗಳ ಆಡೋದಾದ್ರೆ ಸರಿಯಾಗಿ ಆಡು," ಎಂದು ಲೈಲ್ ನಕ್ಕ.

ಅವಳಿಗೆ ನಗು ಬರಲಿಲ್ಲ. ಎದೆಯ ಮೇಲಿನ ಭಾರ ಇಳಿದದ್ದು ಎಷ್ಟು ನಿಜವೋ, ಹಾಗೆ ಇಳಿದದ್ದಕ್ಕೆ ನಾಚಿಕೆಯಾದದ್ದೂ ಅಷ್ಟೇ ನಿಜ. ಆ ದಿನ ಅವನನ್ನು ಚಿಕಿತ್ಸೆಗೆ ಒಳಗೆ ಕಳಿಸಿ ಬಂದು, ಕಾರಿನಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಸದ್ದಿಲ್ಲದೆ ಅತ್ತಳು. ಅಳುತ್ತಲೇ ನಿದ್ದೆಹೋದಳು.

ನವೆಂಬರಿನಲ್ಲಿ ಮೊದಲ ಹಿಮ ಬೀಳುವ ಮುಂಚೆ ಲೈಲ್ ಮನೆ ಬಿಟ್ಟ. ಅವನ ಸಾಮಾನೆಲ್ಲ ಸೇರಿ ಅವಳ ಕಾರಿನ ಹಿಂದಿನ ಸೀಟೂ ತುಂಬಲಿಲ್ಲ. ಮೊದಲ ವಾರ ಅವಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಎದ್ದು ಕಾಫಿ ಕುಡಿದು ಮತ್ತೆ ಮಲಗಿದಳು. ಲೈಲ್ ಫೋನು ಮಾಡಿ, ಇಲ್ಲಿನ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿದೆ, ಪಕ್ಕದ ಕೋಣೆಯವನು ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ ಎಂದು ದೂರಿದ. ಬರುತ್ತೇನೆ ಎಂದರೆ, ಬರಬೇಡ, ಮಲಗು ಎಂದ.

ಎರಡನೆಯ ಭಾನುವಾರ ಆಲೂಗೆಡ್ಡೆ, ಮಾಂಸ ಹಾಕಿ ಬೇಯಿಸಿದ ಅಡುಗೆಯ ಪಾತ್ರೆ ಹಿಡಿದು ಅವಳು ಹೋದಳು. ಊಟ ಮುಗಿದ ಮೇಲೆ ಲೈಲ್ ಮಂಚದ ಮೇಲೆ ಕೂತು, ಕಿಟಕಿಯ ಪಕ್ಕದ ತನ್ನ ಒರಗುಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ. ಪಕ್ಕದ ಕೋಣೆಯವನ ಮೋಸವನ್ನು ಹೇಗೆ ಹಿಡಿದೆ ಎಂದು ಹೇಳುತ್ತ ಹೇಳುತ್ತ ತಿರುಗಿ ನೋಡಿದರೆ, ವರ್ಲಾಳ ತಲೆ ವಾಲಿತ್ತು. ಅವನು ಮಾತು ನಿಲ್ಲಿಸಿ, ಕೈ ಚಾಚಿ ಪರದೆ ಎಳೆದ.