ಲೂವೇನಿಯಾಳ ಹಾಜರಿ

ವರ್ಡೆಲ್ ಪೆನ್ನನ್ನು ಮುದುಕನ ಕೈಗೇ ತುರುಕಿದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕನ್ನಡಕ ಮನೇಲೇ ಬಿಟ್ಟು ಬಂದೆ ಕಣಮ್ಮ" ಎಂದು ಮೇಜಿನ ಮೇಲಿಟ್ಟು ಒಳಗೆ ಹೋದ. ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು.

ಗ್ರೇಟರ್ ನೀಬೋ ಚರ್ಚಿನ ಬಾಗಿಲಲ್ಲಿ, ಸಾವಿಗೆ ಬಂದವರು ಹೆಸರು ಬರೆಯುವ ಪುಸ್ತಕ ಬೆಳಗಿನಿಂದ ತೆರೆದೇ ಇತ್ತು. ಸೇಂಟ್ ಲೂಯಿಸ್‌ನ ನಮ್ಮ ಬೀದಿಗಳಲ್ಲಿ ಎಂಥ ಬಡವ ಸತ್ತರೂ ಆ ಪುಸ್ತಕ ತುಂಬುತ್ತದೆ. ಅದನ್ನು ನೋಡಿಕೊಂಡು ಮನೆಯವರು ಆಮೇಲೆ ಒಬ್ಬೊಬ್ಬರಿಗೂ ಕಾರ್ಡು ಬರೆದು ಕಳಿಸುತ್ತಾರೆ. ಲೂವೇನಿಯಾ ಪ್ರುಯಿಟ್ ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿದವಳು, ಅಷ್ಟೇ ವರ್ಷ ಈ ಚರ್ಚಿನ ಕಾರ್ಯದರ್ಶಿಯಾಗಿದ್ದವಳು. ಅವಳ ಪುಸ್ತಕದಲ್ಲಿ ಒಂದೇ ಒಂದು ಹೆಸರಿರಲಿಲ್ಲ.

ಜನ ಬಂದಿರಲಿಲ್ಲವೆಂದಲ್ಲ. ಅರವತ್ತು ಎಪ್ಪತ್ತು ಮಂದಿ ಬಂದಿದ್ದರು. ಸಾವಿಗೂ ಹೋಗದಷ್ಟು ಕೆಟ್ಟವರಲ್ಲ ನಮ್ಮವರು. ಹೆಸರು ಬರೆಯುವಷ್ಟು ಧೈರ್ಯದವರೂ ಅಲ್ಲ. ಬೀದಿಯಾಚೆ ಬೂದುಬಣ್ಣದ ಕಾರೊಂದು ನಿಂತಿತ್ತು. ಅದರೊಳಗೆ ಟೋಪಿ ಹಾಕಿದ ಬಿಳಿಯನೊಬ್ಬ ತೊಡೆಯ ಮೇಲೆ ಏನೋ ಇಟ್ಟುಕೊಂಡು, ಬಂದವರನ್ನೆಲ್ಲ ನೋಡಿ ನೋಡಿ ಬರೆಯುತ್ತಿದ್ದ.

"ನನ್ನ ಸಾವಿಗೆ ಪುಸ್ತಕ ಇಡಬೇಡಿ ಅಂದಿದ್ಲಂತೆ ನಿಮ್ಮಮ್ಮ. ಪಾಸ್ಟರ್ ಹೇಳಿದ್ರು." ಬಾಗಿಲಿನ ಇನ್ನೊಂದು ಪಕ್ಕದಿಂದ ಆಕ್ಟೇವಿಯಾ ಗೇನ್ಸ್ ಮಾತು ತೆಗೆದಳು. ಬಂದವರನ್ನು ಕೂರಿಸುವ ಹೆಂಗಸರಿಗೆಲ್ಲ ಅವಳೇ ಮುಖ್ಯಸ್ಥೆ. ಬಿಳಿ ಉಡುಪು, ಬಿಳಿ ಕೈಗವಸು.

"ಹೂಂ, ಅಂದಿದ್ಲು."

"ಮತ್ಯಾಕೆ ಇಟ್ಟೆ?"

"ಒಬ್ರಾದ್ರೂ ಬರೀಲಿ ಅಂತ, ದೊಡ್ಡಮ್ಮ. ಒಬ್ರೇ ಒಬ್ರು. ನಮ್ಮಮ್ಮನ್ನ ಸರ್ಕಾರದ ಚಾಡಿಕೋರಿ ಅನ್ನಿಸ್ಕೊಂಡು ಮಣ್ಣು ಮಾಡೋಕೆ ನನ್ನ ಕೈಲಾಗಲ್ಲ." ವರ್ಡೆಲ್ ಪೆನ್ನು ಚಾಚಿದಳು. "ನೀವು ಬರೀತೀರಾ? ನಲವತ್ತು ವರ್ಷದ ಸ್ನೇಹ ನಿಮ್ದು."

ಆಕ್ಟೇವಿಯಾ ಗವಸಿನ ತುದಿ ಎಳೆದು ಸರಿಮಾಡಿಕೊಂಡಳು. "ನಾನು ಬಾಗಿಲು ಕಾಯೋಕೆ ಬಂದಿರೋದು. ಅಳೋಕಲ್ಲ, ಬರೆಯೋಕೂ ಅಲ್ಲ. ನಿಮ್ಮಮ್ಮನ ಪುಸ್ತಕದಿಂದ್ಲೇ ನನ್ನ ಮನೆ ಹಾಳಾಗಿದ್ದು."

*

ಎರಡು ವರ್ಷದ ಹಿಂದೆ ಇದೇ ಚರ್ಚಿನ ನೆಲಮಾಳಿಗೆಯಲ್ಲಿ ತಾಯಂದಿರು ವಾರಕ್ಕೊಮ್ಮೆ ಸೇರುತ್ತಿದ್ದರು. ಬಿಳಿಯರ ಬೀದಿಯ ಹುಡುಗರು ಕಾಲೇಜಿನ ನೆಪದಲ್ಲಿ ಊರಲ್ಲೇ ಉಳಿಯುತ್ತಾರೆ, ವಿಯೆಟ್ನಾಂ ಯುದ್ಧಕ್ಕೆ ನಮ್ಮ ಕರಿಯ ಹುಡುಗರನ್ನೇ ಮೊದಲು ಕರೆಯುತ್ತಾರೆ, ಯಾಕೆ? ಇಷ್ಟನ್ನು ಗಟ್ಟಿಯಾಗಿ ಕೇಳುವುದೇ ಸಭೆಯ ಕೆಲಸ. ಹುಡುಗರೂ ಬರುತ್ತಿದ್ದರು. ಮೊದಲ ದಿನವೇ ಲೂವೇನಿಯಾ ಗೆರೆ ಎಳೆದ ಪುಸ್ತಕ ಬಿಡಿಸಿಟ್ಟಳು. ಹೆಸರು, ವಯಸ್ಸು, ವಿಳಾಸ.

ಆಕ್ಟೇವಿಯಾಳ ಮಗ ಕ್ಲೆಮನ್‌ಗೆ ಆಗ ಹತ್ತೊಂಬತ್ತು. ಅವನು ನಕ್ಕುಬಿಟ್ಟ. "ಅತ್ತೆ, ಇಂಥದ್ದೆಲ್ಲ ಬರೆದಿಡಬಾರ್ದು. ಪೊಲೀಸರ ಕೈಗೆ ಸಿಕ್ಕಿದ್ರೆ?"

"ಹಾಜರಿ ಇಲ್ದೆ ಇದ್ರೆ ಅದೂ ಒಂದು ಸಭೆನೇನೋ? ಹೆಸರು ಮುಚ್ಚಿಡೋಕೆ ನಾವೇನು ಕಳ್ಳತನ ಮಾಡ್ತಿದೀವಾ? ನಾಳೆ ನಿಂಗೆ ಜ್ವರ ಬಂದ್ರೆ ಕಾರ್ಡು ಎಲ್ಲಿಗೆ ಕಳಿಸ್ಲಿ? ಬರಿ, ಬರಿ. ಕಾಗೆ ಕಾಲು ಮಾಡ್ಬೇಡ, ದುಂಡಗೆ ಬರಿ."

ಅವನು ದುಂಡಗೇ ಬರೆದ. ಮನೆಗೊಬ್ಬರಂತೆ ನಲವತ್ತೊಂದು ಜನ ಬರೆದರು. ಕೊನೆಯಲ್ಲಿ ಲೂವೇನಿಯಾ ಎಣಿಸಿ, ಕೆಳಗೆ ಗೆರೆ ಎಳೆದು, ಪುಸ್ತಕವನ್ನು ಕಚೇರಿಯ ಕಪಾಟಿನಲ್ಲಿಟ್ಟಳು.

ಒಂದು ಸೋಮವಾರ ಕಚೇರಿಯ ಬೀಗ ಮುರಿದಿತ್ತು. ಟೈಪ್‌ರೈಟರ್ ಇತ್ತು, ಕಾಫಿ ಕಾಯಿಸುವ ದೊಡ್ಡ ಪಾತ್ರೆ ಇತ್ತು, ಹಾಜರಿ ಪುಸ್ತಕವೊಂದು ಇರಲಿಲ್ಲ. "ಟೈಪ್‌ರೈಟರ್ ಬಿಟ್ಟು ಹಾಜರಿ ಕದಿಯೋ ಕಳ್ಳನ್ನ ಎಲ್ಲಾದ್ರೂ ನೋಡಿದೀರೇನ್ರೇ?" ಎಂದು ಜನ ಮಾತಾಡಿಕೊಂಡರು. ಆ ವಾರದಿಂದಲೇ ಸರ್ಕಾರದ ಬೇಹಿನ ಟೋಪಿಯವರು ಬಂದರು, ಪುಸ್ತಕದಲ್ಲಿ ಹೆಸರಿದ್ದ ಸಾಲಿನಲ್ಲೇ, ಒಂದಾದ ಮೇಲೊಂದು ಮನೆಗೆ. ಒಬ್ಬನ ಬಸ್ಸಿನ ಕೆಲಸ ಹೋಯಿತು. ಒಬ್ಬಳನ್ನು ಬಾಡಿಗೆ ಮನೆಯಿಂದ ಎಬ್ಬಿಸಿದರು. ಕ್ಲೆಮನ್‌ಗೆ ಮೂರೇ ವಾರದಲ್ಲಿ ಸೈನ್ಯಕ್ಕೆ ಬಾ ಎಂಬ ಕಾಗದ ಬಂತು, ಎಂಟು ತಿಂಗಳಿಗೆ ಅವನ ಹೆಣದ ಪೆಟ್ಟಿಗೆ ಬಂತು. ನಲವತ್ತೊಂದು ಮನೆಗೂ ಹೋದವರು ಲೂವೇನಿಯಾಳ ಮನೆಗೆ ಮಾತ್ರ ಹೋಗಲಿಲ್ಲ. ಅಷ್ಟು ಸಾಕಾಯಿತು. ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ, ಎಲ್ಲರೂ ತೀರ್ಮಾನ ಮಾಡಿಬಿಟ್ಟರು.

ಅವಳು ಮನೆ ಮನೆಗೂ ಹೋದಳು. ಆಕ್ಟೇವಿಯಾಳ ಬಾಗಿಲಿಗೆ ಏಳು ಭಾನುವಾರ ಹೋದಳು, ಪ್ರತಿ ಸಲವೂ ಗೆಣಸಿನ ಕಡುಬು ಮಾಡಿಕೊಂಡು. ಆಕ್ಟೇವಿಯಾ ಪರದೆ ಸರಿಸಿ ನೋಡುತ್ತಿದ್ದಳು, ಪರದೆ ಬಿಡುತ್ತಿದ್ದಳು. ಕಡುಬು ಮೆಟ್ಟಿಲ ಮೇಲೇ ಇರುತ್ತಿತ್ತು, ಬೀದಿನಾಯಿ ತಿನ್ನುತ್ತಿತ್ತು. ಎಂಟನೆಯ ಭಾನುವಾರಕ್ಕೆ ಲೂವೇನಿಯಾ ಆಸ್ಪತ್ರೆ ಸೇರಿದ್ದಳು.

*

ಪ್ರಾರ್ಥನೆ ಮುಗಿಯಿತು. "ನಮ್ಮ ಸೋದರಿ ಲೂವೇನಿಯಾ ಪ್ರುಯಿಟ್ ಬಗ್ಗೆ ಯಾರಾದರೂ ಎರಡು ಮಾತು?" ಎಂದು ಪಾಸ್ಟರ್ ಕೇಳಿದಾಗ ಕೈಬೀಸಣಿಗೆಗಳು ಜೋರಾಗಿ ಆಡಿದವು, ಯಾರೂ ಏಳಲಿಲ್ಲ. ಪೆಟ್ಟಿಗೆಯನ್ನು ಹೊತ್ತು ಶವದ ಗಾಡಿಗೆ ಏರಿಸಿದರು.

ವರ್ಡೆಲ್ ಗಾಡಿ ಹತ್ತಲಿಲ್ಲ. ಪುಸ್ತಕ, ಪೆನ್ನು ಎತ್ತಿಕೊಂಡು ಸೀದಾ ಬೀದಿ ದಾಟಿ ಬೂದು ಕಾರಿನ ಗಾಜು ಬಡಿದಳು. ಗಾಜು ಎರಡು ಬೆರಳಷ್ಟು ಇಳಿಯಿತು.

"ನಮ್ಮಮ್ಮ ಆ ಪುಸ್ತಕ ಕೊಟ್ಟಿಲ್ಲ. ನಿಮಗೆ ಗೊತ್ತು. ಈ ಊರಲ್ಲಿ ನಿಮಗೊಬ್ಬರಿಗೇ ಗೊತ್ತಿರೋದು. ಬಂದು ಅವರ ಮುಂದೆ ಒಂದೇ ಒಂದು ಮಾತು ಹೇಳಿ. ಕಾಲಿಗೆ ಬೀಳ್ತೀನಿ."

"ಗಾಡಿ ನಿಮಗೋಸ್ಕರ ಕಾಯ್ತಾ ಇದೆ, ಹೋಗಿ ಮೇಡಂ."

"ಹೋಗಲಿ, ಬಂದೋರ ಹೆಸರನ್ನಾದ್ರೂ ಕೊಡಿ! ಒಬ್ಬರನ್ನೂ ಬಿಡದೆ ಬರ್ಕೊಂಡಿದೀರಲ್ಲ, ನಂಗೆ ಒಂದೂ ಸಿಗಲಿಲ್ಲ. ಕಾರ್ಡು ಕಳಿಸ್ಬೇಕು ನಾನು!"

ಗಾಜು ಮೇಲೇರಿತು. ವರ್ಡೆಲ್ ಅಂಗೈಯಿಂದ ಗಾಜನ್ನು ಗುದ್ದಿದಳು, ಮತ್ತೆ ಗುದ್ದಿದಳು. ಅಯ್ಯೋ, ಆ ಹೆಣ್ಣು ಅತ್ತ ಅಳುವನ್ನು ಬೀದಿಯ ಜನವೆಲ್ಲ ತಮ್ಮ ತಮ್ಮ ಕಾರಿನೊಳಗೆ ಕೂತು ನೋಡಿದರು. ಇಳಿದು ಬಂದವಳು ಆಕ್ಟೇವಿಯಾ ಒಬ್ಬಳೇ.

"ನಡಿಯೇ. ಅವರ ಮುಂದೆ ಅತ್ತು ಮರ್ಯಾದೆ ಯಾಕೆ ಕಳ್ಕೋತೀಯ?" ಎಂದು ರಟ್ಟೆ ಹಿಡಿದಳು. ಪುಸ್ತಕ ಜಾರಿ ಕಾರಿನ ಮೂತಿಯ ಮೇಲೆ ಬಿತ್ತು. ಬಿಳಿ ಹಾಳೆ. ಆಕ್ಟೇವಿಯಾ ಅದನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಬೇರೆಯವರು ಹಾಳಾಗಿ ಹೋಗ್ಲಿ. ಹೆತ್ತ ಮಗಳು ನೀನು, ನೀನ್ಯಾಕೆ ಬರೆದಿಲ್ಲ?"

ವರ್ಡೆಲ್ ಮೂಗು ಒರೆಸಿಕೊಂಡಳು. "ನಾನಾ? ನಾನು ಬರೆಸೋಳಲ್ವಾ, ದೊಡ್ಡಮ್ಮ. ಪುಸ್ತಕ ಹಿಡಿದೋರು ತಮ್ಮ ಹೆಸರು ಎಲ್ಲಿ ಬರ್ಕೋತಾರೆ? ಅಮ್ಮ ಕಲಿಸಿದ್ದು ಹಾಗೇನೇ."

ರಟ್ಟೆ ಹಿಡಿದಿದ್ದ ಕೈ ಸಡಿಲವಾಯಿತು.

"ಏನಂದೆ?"

"ಅಮ್ಮ ಯಾವತ್ತೂ ಬರ್ಕೊಂಡೋಳಲ್ಲ. ಯಾವ ಹಾಜರೀಲೂ."

ಆಕ್ಟೇವಿಯಾ ಮನಸ್ಸಿನಲ್ಲೇ ಎಣಿಸಿದಳು. ನಲವತ್ತೊಂದು ಹೆಸರು, ನಲವತ್ತೊಂದು ಮನೆ. ಪುಸ್ತಕದಲ್ಲಿಲ್ಲದವಳ ಮನೆಗೆ ಅವರು ಯಾಕೆ ಹೋದಾರು? "ಏಳು ಭಾನುವಾರ," ಎಂದಳು. "ಏಳು ಭಾನುವಾರ ಕಣೇ."

ಶವದ ಗಾಡಿ ಹಾರನ್ ಮಾಡಿತು. ಅವಳು ಬಲಗೈಯ ಗವಸನ್ನು ಒಂದೊಂದೇ ಬೆರಳು ಹಿಡಿದು ಕಳಚಿ, ಹಲ್ಲಿನಲ್ಲಿ ಕಚ್ಚಿಕೊಂಡು, ಪೆನ್ನು ತೆಗೆದುಕೊಂಡಳು. ಕಾರಿನ ಮೂತಿಯ ಮೇಲೆಯೇ ಬಾಗಿ ಮೊದಲ ಸಾಲಿನಲ್ಲಿ ಬರೆದಳು: ಲೂವೇನಿಯಾ ಪ್ರುಯಿಟ್. ವಯಸ್ಸು, ವಿಳಾಸ. ಅದರ ಕೆಳಗೆ ಕ್ಲೆಮನ್ ಗೇನ್ಸ್, ಹತ್ತೊಂಬತ್ತು. ಅದರ ಕೆಳಗೆ ತನ್ನ ಹೆಸರು. ಅಕ್ಷರಗಳು ದುಂಡಗೇ ಬಂದವು.

ಗಾಜಿನ ಆಚೆ ಟೋಪಿಯವನು ಗಡಿಯಾರ ನೋಡಿಕೊಂಡು ತಾನೂ ಬರೆಯತೊಡಗಿದ.