ಮಾನಮ್ಮನ ಮನೆಯಲ್ಲಿ ಹೊಗೆ ಬೇಕಿತ್ತು

೧

ಈ ಕಥೆಯನ್ನು ಕಂಪನಿಯ ಹೊಗೆಯಿಂದ ಶುರು ಮಾಡಲೋ, ಮಾನಮ್ಮನ ಹೊಗೆಯಿಂದಲೋ? ಕಂಪನಿಯದು ದೊಡ್ಡದು. ಶಹಾಪುರದಿಂದ ತಿಂಥಣಿಯ ಹೊಳೆಯವರೆಗೆ ನಾಲ್ಕು ಪಥದ ರಸ್ತೆ, ಮೇಲೊಂದು ಸೇತುವೆ, ಡಾಂಬರು ಕುದಿಸುವ ಪ್ಲಾಂಟು, ಕಲ್ಲು ಪುಡಿ ಮಾಡುವ ಕ್ರಷರು, ಸಾಲುಗಟ್ಟಿ ಓಡುವ ಟಿಪ್ಪರುಗಳು. ಮಾನಮ್ಮನದು ಒಂದೇ ಒಂದು ಮಧ್ಯಾಹ್ನದ ಹೊಗೆ.

ದೊಡ್ಡದರಿಂದಲೇ ಶುರು ಮಾಡಿದೆ. ಟನ್ನುಗಳು, ಶೇಕಡಾವಾರುಗಳು ಬಂದವು. ಬರೆಯುತ್ತಿದ್ದ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

(ಹವಾಮಾನದ ಕಥೆಯೆಂದರೆ ಮೊದಲ ಪುಟದಲ್ಲೇ ಬಿರುಕು ಬಿಟ್ಟ ನೆಲ ಇರಬೇಕಂತೆ. ನಾನು ಬರೆಯಲು ಕೂತಾಗ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಕ್ಷಮಿಸಿ.)

೨

ಸರಿ, ಪಂಚಶೀಲಾಳಿಂದ ಶುರು ಮಾಡೋಣ.

ಸುರಪುರದ ಹತ್ತಿರದ ಹಳ್ಳಿಯವಳು, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿದವಳು. ಈಗ ಕಂಪನಿಯ ಸೈಟ್ ಆಫೀಸಿನ ಪರಿಸರ ವಿಭಾಗದಲ್ಲಿದ್ದಾಳೆ. ವಿಭಾಗ ಎಂದರೆ ಒಂದು ಟೇಬಲ್ಲು ಮತ್ತು ಅವಳು. ಇಷ್ಟು ವರ್ಷದೊಳಗೆ ನಮ್ಮ ಕಾರ್ಬನ್ ಅರ್ಧಕ್ಕೆ ಇಳಿಸುತ್ತೇವೆ ಎಂದು ಕಂಪನಿ ಜಗತ್ತಿಗೆ ಮಾತು ಕೊಟ್ಟಿತ್ತು. ಮಾತು ಕೊಟ್ಟದ್ದು ಎಲ್ಲೋ ದೂರದ ಎಸಿ ರೂಮಿನಲ್ಲಿ. ಇಳಿದದ್ದನ್ನು ತೋರಿಸುವ ಕೆಲಸ ಅವಳ ಟೇಬಲ್ಲಿಗೆ ಬಂತು.

ಟಿಪ್ಪರು ನಿಲ್ಲಿಸಿದರೆ ರಸ್ತೆಯಾಗದು. ಸಿಮೆಂಟು ಕಡಿಮೆ ಮಾಡಿದರೆ ಸೇತುವೆ ನಿಲ್ಲದು. ಹಾಗಾಗಿ ಮೇಲಿನವರು ಬೇರೆ ದಾರಿ ಹುಡುಕಿದರು: ಹಳ್ಳಿಯ ಹೆಂಗಸರಿಗೆ ಹೊಗೆಯಿಲ್ಲದ ಒಲೆ ಹಂಚುವುದು, ಅವರ ಅಡುಗೆಮನೆಯಲ್ಲಿ ಕಮ್ಮಿಯಾದ ಹೊಗೆಯನ್ನು ಕಂಪನಿಯ ಲೆಕ್ಕಕ್ಕೆ ಬರೆದುಕೊಳ್ಳುವುದು. ಒಲೆ ಬರುವ ಮೊದಲು ಹೇಗಿತ್ತು, ಬಂದ ಮೇಲೆ ಹೇಗಾಯಿತು ಎಂದು ತೋರಿಸುವ ಒಂದು ಸಣ್ಣ ಫಿಲ್ಮು ಬೇಕು, ನಿಮ್ಮ ಕಡೆಯವರನ್ನೇ ಯಾರನ್ನಾದರೂ ನೋಡಮ್ಮ ಎಂದು ಮ್ಯಾನೇಜರ್ ಶಾಂತಕುಮಾರ ಹೇಳಿದ.

ಪಂಚಶೀಲಾಗೆ ಮೊದಲು ನೆನಪಾದದ್ದು ಅತ್ತೆ, ಅಪ್ಪನ ತಂಗಿ ಮಾನಮ್ಮ.

೩

ಮಾನಮ್ಮ ಸುರಪುರದಲ್ಲಿ ಅಂಗನವಾಡಿ ಸಹಾಯಕಿ. ಪಂಚಶೀಲಾ ಪಿಯುಸಿ ಓದಿದ್ದು ಅವಳ ಮನೆಯಲ್ಲಿದ್ದುಕೊಂಡು. ಒಂದೇ ತೊಡಕೆಂದರೆ, ಮಾನಮ್ಮನ ಮನೆಯಲ್ಲಿ ಗ್ಯಾಸ್ ಇತ್ತು. ಓಣಿಗೆಲ್ಲ ಮೊದಲು ಗ್ಯಾಸ್ ತಂದವಳೇ ಅವಳು. ಅಡುಗೆ ಮುಗಿದ ಮೇಲೆ ಒಲೆಯನ್ನು ಒರೆಸಿ, ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಸಿ ಇಡುತ್ತಿದ್ದಳು.

(ಇಲ್ಲಿ ಪಂಚಶೀಲಾ ನನ್ನನ್ನು ತಡೆದಳು. "ಗ್ಯಾಸಿನ ವಿಷಯ ಬಿಡ್ರಿ. ಇರಲಿಲ್ಲಂತ ಬರದ್ರ ಯಾರಿಗೇನ್ ತ್ರಾಸು?"

ನೀನೂ ಅಂದು ಹಾಗೇ ಅಂದುಕೊಂಡೆಯಲ್ಲ ಎಂದೆ. ವಾದ ಗೆದ್ದದ್ದು ನಾನು. ಖುಷಿಯೇನೂ ಆಗಲಿಲ್ಲ.)

೪

ಕೇಳಿದಾಗ ಮಾನಮ್ಮ ಹಿಂದೆಮುಂದೆ ನೋಡಲಿಲ್ಲ. "ನಿನ್ನ ನೌಕರಿಗಿ ಬೇಕಂದ್ರ ಆತೇಳವ್ವ," ಅಂದಳು.

ಸಿಲಿಂಡರನ್ನು ಪಕ್ಕದ ಚಂದ್ರಕಲಾಳ ಮನೆಗೆ ಉರುಳಿಸಿಕೊಂಡು ಹೋದವಳು ಪಂಚಶೀಲಾಳೇ. ಚಂದ್ರಕಲಾಳ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಮಣ್ಣಿನ ಒಲೆಯೊಂದಿತ್ತು, ಅದನ್ನು ಹೊತ್ತು ತಂದರು. ಮಾನಮ್ಮ ಹೊಸ ಸೀರೆ ಉಟ್ಟು ಬಂದು ನಿಂತಳು. ಶಾಂತಕುಮಾರ ಹಳೆಯದು ಇಲ್ಲವೇ ಎಂದು ಕೇಳಿದ. ಮಾನಮ್ಮ ಸೊಸೆ ಪಂಚಶೀಲಾಳ ಮುಖ ನೋಡಿದಳು. ಸೊಸೆ ಗೋಡೆ ನೋಡಿದಳು. ಮಾನಮ್ಮ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು.

ತೊಗರಿ ಕಟ್ಟಿಗೆ ಚೆನ್ನಾಗಿ ಒಣಗಿತ್ತು. ಧಗಧಗ ಉರಿಯಿತು, ಹೊಗೆ ಬರಲಿಲ್ಲ. ಕ್ಯಾಮೆರಾ ಹಿಡಿದಿದ್ದ ಮುಜಫರ, ಯಾದಗಿರಿಯಲ್ಲಿ ಮದುವೆಗಳ ವಿಡಿಯೋ ಮಾಡುವವನು, ಏನೂ ಕಾಣುತ್ತಿಲ್ಲ ಎಂದು ತಲೆಯಾಡಿಸಿದ.

ಆಗ ಪಂಚಶೀಲಾ ಒಂದು ಚೊಂಬು ನೀರು ತಂದು ಕಟ್ಟಿಗೆಯ ಮೇಲೆ ಚಿಮುಕಿಸಿದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಊದು, ಅತ್ತಿ," ಅಂದಳು. "ಇನ್ನೊಮ್ಮಿ ಊದು."

ಮಾನಮ್ಮ ಊದಿದಳು. ಹೊಗೆ ಮುಖಕ್ಕೆ ಬಡಿದು, ಕಣ್ಣಲ್ಲಿ ನೀರಿಳಿದು, ಕೆಮ್ಮು ಹತ್ತಿತು. ಮುಜಫರ ಕ್ಯಾಮೆರಾ ಕೆಳಗಿಟ್ಟು ಅವಳಿಗೆ ನೀರು ಕೊಟ್ಟ. ಆ ಕೆಮ್ಮನ್ನು ಇನ್ನೊಮ್ಮೆ ಹತ್ತಿರದಿಂದ ತೆಗೆಯೋಣ ಎಂದ ಶಾಂತಕುಮಾರ.

(ಈ ದೃಶ್ಯವನ್ನು ನಾನು ಮತ್ತೆ ಮತ್ತೆ ತಿದ್ದಿದೆ. ಕೆಮ್ಮು ಸರಿಯಾಗಿ ಬರಲಿಲ್ಲವೆಂದು ಪ್ರತಿ ಸಲವೂ ಮಾನಮ್ಮನನ್ನು ಒಲೆಯ ಮುಂದೆ ಕೂರಿಸಿದೆ. ಮುಜಫರನಾದರೂ ನೀರು ಕೊಟ್ಟಿದ್ದ.)

೫

ಫಿಲ್ಮು ತೋರಿಸಿದ್ದು ಸುರಪುರದ ಒಂದು ಕಲ್ಯಾಣ ಮಂಟಪದಲ್ಲಿ. ಕಂಪನಿಯ ದೊಡ್ಡ ಸಾಹೇಬರು ಬಂದಿದ್ದರು. ಒಲೆ ಪಡೆದ ಹೆಂಗಸರನ್ನೆಲ್ಲ ಕರೆಸಿದ್ದರು, ಮಾನಮ್ಮನ ಓಣಿಯವರೂ ಒಂದು ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಹೊಗೆ ಎದ್ದು, ಮಾನಮ್ಮ ಕೆಮ್ಮತೊಡಗಿದಾಗ ಆ ಸಾಲಿನಿಂದ ನಗು ಕೇಳಿತು. ಇವಳ ಮನೆಯ ಗ್ಯಾಸಿನ ಮೇಲೆ ತಾನೇ ಎಷ್ಟೋ ಸಲ ಹಾಲು ಕಾಯಿಸಿಕೊಂಡು ಹೋಗಿದ್ದೇನೆಂದು ಚಂದ್ರಕಲಾ ಪಕ್ಕದವಳಿಗೆ ಹೇಳುತ್ತಿದ್ದಳು.

ಮಾನಮ್ಮನಿಗೆ ಶಾಲು ಹೊದಿಸಿ ಕೈಗೆ ಮೈಕು ಕೊಟ್ಟರು.

(ನನ್ನ ಬಳಿ ಇದರ ಇನ್ನೊಂದು ಪ್ರತಿಯಿದೆ. ಅದರಲ್ಲಿ ಅವಳು ಇದ್ದದ್ದು ಇದ್ದಂತೆ ಹೇಳಿಬಿಡುತ್ತಾಳೆ, ದೊಡ್ಡ ಸಾಹೇಬರ ಮುಖ ಕಪ್ಪಿಡುತ್ತದೆ. ಬರೆಯುವಾಗ ಭಾಳ ಮಜಾ ಬಂದಿತ್ತು. ಆದರೆ ಅದು ನಡೆಯಲಿಲ್ಲ.)

ಮಾನಮ್ಮ ಅಂದಳು: "ಮೊದ್ಲ ಭಾಳ ತ್ರಾಸಿತ್ರಿ. ಕಣ್ಣ ಕಾಣ್ತಿದ್ದಿಲ್ಲ. ಕಂಪನಿಯವ್ರು ಬಂದ ಮ್ಯಾಲ ಆರಾಮದೀನ್ರಿ."

ನಗು ನಿಂತಿತು. ಅವಳು ಯಾರಿಗಾಗಿ ಸುಳ್ಳು ಹೇಳಿದಳೆಂದು ಆ ಸಾಲಿನಲ್ಲಿ ಎಲ್ಲರಿಗೂ ತಿಳಿಯಿತು. ಚಂದ್ರಕಲಾ ತಲೆ ಬಗ್ಗಿಸಿದಳು. ಸಾಹೇಬರು ಚಪ್ಪಾಳೆ ತಟ್ಟಿದರು. ಅವರ ಪಕ್ಕದಲ್ಲಿ ನಿಂತಿದ್ದ ಪಂಚಶೀಲಾಳೂ ತಟ್ಟಬೇಕಾಯಿತು.

೬

ಈಗ ಮುಗಿಸಬೇಕು. ಒಂದು ಮುಕ್ತಾಯ: ಪಂಚಶೀಲಾ ನೌಕರಿ ಬಿಡುತ್ತಾಳೆ. ಬಿಡಲಿಲ್ಲ. ಆ ಫಿಲ್ಮು ತೆಗೆದುಹಾಕಿ ಎಂದು ಶಾಂತಕುಮಾರನನ್ನು ಕೇಳಿದ್ದಂತೂ ನಿಜ. ಅವನು ಕೆಟ್ಟವನಲ್ಲ, ಗದರಲಿಲ್ಲ. "ತೆಗದ್ರ ಏನ್ ತೋರಸ್ಬೇಕಮ್ಮ?" ಅಂದ. "ಟಿಪ್ಪರ್ ತೋರಸ್ಲೇನು?"

ಇನ್ನೊಂದು: ಅತ್ತೆ ಸೊಸೆ ಅಪ್ಪಿಕೊಂಡು ಅಳುತ್ತಾರೆ. ಬರೆದು ಅಳಿಸಿದೆ. ಆ ಮನೆಯಲ್ಲಿ ಯಾರೂ ಯಾರನ್ನೂ ಅಪ್ಪಿಕೊಂಡವರಲ್ಲ.

ನಡೆದದ್ದು ಇಷ್ಟು. ಭಾನುವಾರ ಪಂಚಶೀಲಾ ಅತ್ತೆಯ ಮನೆಗೆ ಹೋದಳು, ನಾನೂ ಹಿಂದೆಯೇ ಹೋದೆ. ಮಾನಮ್ಮ ಕುರ್ಚಿ ಎಳೆದು, ಸೆರಗಿನಿಂದ ಒರೆಸಿದಳು.

"ಕುಂದರ್ರಿ."

ಹಿಂದೆ ಬೇರೆ ಯಾರಾದರೂ ದೊಡ್ಡವರು ಬಂದರೇನೋ ಎಂದು ಪಂಚಶೀಲಾ ತಿರುಗಿ ನೋಡಿದಳು. ನನ್ನನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಬೇರೆ ಯಾರೂ ಇರಲಿಲ್ಲ.

"ಅತ್ತಿ, ಹಿಂಗ್ಯಾಕ ಮಾತಾಡ್ತಿ?"

ಮಾನಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಅಂಗನವಾಡಿಗೆ ಮೇಲಿನವರು ಬಂದಾಗ ಇರುತ್ತಿದ್ದ ಮುಖವದು. ಅತಿಥಿಗಳಿಗೆಂದು ತೆಗೆಯುವ ಕಪ್ಪು-ಬಸಿಯಲ್ಲಿ ಚಹಾ ತಂದಿಟ್ಟು ಕೇಳಿದಳು: "ಬರೋ ವರ್ಷನೂ ಚಿತ್ರ ತೆಗೀತೀರೇನ್ರಿ? ಮೊದ್ಲ ಒಂದ್ ಮಾತ ಹೇಳ್ರಿ. ತಯಾರಾಗಿರ್ತೀನಿ."

ಪಂಚಶೀಲಾ ಕುರ್ಚಿಯಲ್ಲಿ ಕೂರಲೂ ಇಲ್ಲ, ಹೊರಡಲೂ ಇಲ್ಲ.

ನಿಮಗೇನು ಬೇಕೆಂದು ನನಗೆ ಗೊತ್ತು. ಮಾನಮ್ಮ ಒಮ್ಮೆ ನಕ್ಕು 'ಬಾರವ್ವ' ಅನ್ನಬೇಕು. ಆ ಸಾಲನ್ನು ಬರೆದು ಪಂಚಶೀಲಾಳ ಮುಂದೆ ಹಿಡಿದೆ. ಅವಳು ಓದಲಿಲ್ಲ.

"ನೀವು ಸ್ವಲ್ಪ ಹೊರಗ ಹೋಗ್ರಿ," ಅಂದಳು.

ಹೊರಗೆ ಬಂದೆ. ಹಿಂದಿನಿಂದ ಯಾರೋ ಬಾಗಿಲು ಮುಂದಕ್ಕೆ ಮಾಡಿದರು. ಅತ್ತೆಯೋ ಸೊಸೆಯೋ, ತಿಳಿಯಲಿಲ್ಲ.