ಪೆರುಸಿಯ ಕಂಪ್ಯೂಟರು ನಿಧಾನವಾದದ್ದು

ಮಂಗಳವಾರ ಮಧ್ಯಾಹ್ನ ನಾನು ಗೆಣಸು ಬೇಯಲಿಟ್ಟು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಪಕ್ಕದ ಮನೆಯ ಪೆರುಸಿ ಬೇಲಿಯ ಹತ್ತಿರ ಬಂದು ಕೂಗಿದಳು.

"ಎಸೆಜಾ, ನನ್ನ ಕಂಪ್ಯೂಟರಿಗೆ ಲಕ್ವ ಹೊಡ್ದಿದೆ ಕಣೆ. ಒಂದು ಅಕ್ಷರ ಒತ್ತಿದ್ರೆ ಅದು ಪರದೆ ಮೇಲೆ ಬರೋ ಹೊತ್ಗೆ ಏನ್ ಬರೀತಿದ್ದೆ ಅನ್ನೋದೇ ಮರ್ತುಹೋಗತ್ತೆ."

"ಪೇಟೇಲಿ ರಿಪೇರಿ ಅಂಗಡಿ ಇದ್ಯಲ್ಲೆ?"

"ಅಂಗಡಿಗೆ ಕೊಡೋ ಹಾಗಿದ್ರೆ ನಿನ್ನ ಬೇಲಿ ಹತ್ರ ಯಾಕೆ ಬಂದು ನಿಲ್ತಿದ್ದೆ?"

ಅದೂ ಸರಿಯೇ. ಜಿಂಜಾ ಪಟ್ಟಣದಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದ ಪೆರುಸಿ, ಈಗ ಸುತ್ತಿನ ಆರು ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ಕೂತು ಟೈಪು ಮಾಡಿಕೊಡುತ್ತಾಳೆ. ಏಳನೇ ತರಗತಿಯ ಮಕ್ಕಳಿಗೆ ಮುಂದಿನ ಸೋಮವಾರದಿಂದ ಪರೀಕ್ಷೆ. ಶುಕ್ರವಾರ ಬೆಳಿಗ್ಗೆ ಆರೂ ಶಾಲೆಗಳ ಪತ್ರಿಕೆಗಳೆಲ್ಲ ನಮ್ಮೂರ ಶಾಲೆಯ ಹೆಡ್‌ಮೇಷ್ಟರ ಕೈಸೇರಬೇಕು. ಕಂಪ್ಯೂಟರು ಅಂಗಡಿಗೆ ಹೋದರೆ ಅದರ ಹೊಟ್ಟೆಯಲ್ಲಿದ್ದ ಪ್ರಶ್ನೆಗಳೂ ಜೊತೆಗೇ ಹೋಗುತ್ತವೆ. ನಾನೋ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರುಗಳನ್ನೇ ನೋಡಿಕೊಂಡವಳು. ಆದರೆ ನನ್ನ ವಿಷಯದಲ್ಲೂ ಒಂದು ತೊಡಕಿತ್ತು. ನನ್ನ ಮೊಮ್ಮಗಳು ಟಬಿಸಾ ಕೂಡ ಅದೇ ಪರೀಕ್ಷೆ ಬರೆಯುವವಳು.

ಒಲೆ ಆರಿಸಿ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಅವಳ ಗಂಡ ಯೊನಾಸಾನಿ ಓಮ್ವೆಸೊ ಮಣೆ ಇಟ್ಟುಕೊಂಡು ಎರಡೂ ಕಡೆಯ ಕಾಯಿಗಳನ್ನು ತಾವೇ ಗುಳಿಗಳಿಗೆ ಹಂಚುತ್ತಾ ಒಬ್ಬರೇ ಆಡುತ್ತಿದ್ದರು.

"ಹೇಗಿದ್ದೀರಿ ಭಾವ?"

"ಅಪರಾಧಿ ಹೇಗಿರ್ತಾನೋ ಹಾಗಿದೀನಮ್ಮ. ಒಳಗೆ ಹೋಗು, ಜಡ್ಜಮ್ಮ ಕಾಯ್ತಿದಾರೆ."

ಒಳಗೆ ಪೆರುಸಿ ಆರೋಪ ಪಟ್ಟಿ ಓದಿದಳು. "ಎಲ್ಲಾ ಇವರದೇ ಕಿತಾಪತಿ. ಹೋದ ವಾರ ಇಂಟರ್ನೆಟ್ಟಿಂದ ಓಮ್ವೆಸೊ ಆಟ ಇಳಿಸ್ಕೊಂಡ್ರು. ಅದ್ರ ಬೆನ್ನಲ್ಲೇ ವೈರಸ್ ಬಂದಿದೆ. ನಿನ್ನೆ ಆಟಾನ ಅಳಿಸಿಹಾಕ್ದೆ."

"ಅಳಿಸಿದ್ಮೇಲೆ ಸರಿಹೋಯ್ತಾ?"

"ಇಲ್ಲ."

"ಮತ್ತೆ?"

"ವೈರಸ್ ಒಳಗೆ ಬೇರು ಬಿಟ್ಟಿರ್ಬೇಕು."

ನಾನು ಕುರ್ಚಿ ಎಳೆದುಕೊಂಡೆ. ಪೆರುಸಿ ಒಂದು ಟವಲು ಹಿಡಿದು ಪಕ್ಕದಲ್ಲೇ ನಿಂತಳು. ನಾನು ಏನನ್ನು ತೆರೆದರೂ ಪರದೆಯ ಎಡಭಾಗಕ್ಕೆ ಟವಲು ಇಳಿಬಿಡುತ್ತಿದ್ದಳು.

"ಫೈಲ್ ತೆಗೆಯಲ್ಲ ಮಾರಾಯ್ತಿ. ಬರೀ ಹೆಸರು ಕಂಡ್ರೆ ಏನಾಗತ್ತೆ?"

"ವಿಜ್ಞಾನ, ಹೃದಯದ ಚಿತ್ರ ಅಂತ ಹೆಸರಿದ್ರೆ ಹೃದಯದ ಚಿತ್ರ ಬರತ್ತೆ ಅಂತ ನಿಂಗೆ ಗೊತ್ತಾಗಲ್ವಾ?"

ಅಂದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಜಗಲಿಯಿಂದ ಯೊನಾಸಾನಿ ಜೋರಾಗಿ ನಕ್ಕರು.

"ಅದು ಬರೀ ಉದಾಹರಣೆ!" ಎಂದಳು ಪೆರುಸಿ. ಆಮೇಲೆ, "ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿ ಆ ಪ್ರಶ್ನೆ ಬದಲಾಯಿಸ್ಬೇಕು," ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು.

ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದೆ. ಚುರುಕಾಗಿಯೇ ಎದ್ದಿತು. ಪೆರುಸಿಯ ಮುಖ ಅರಳಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೌಸಿನ ಬಾಣ ಕೆಸರಲ್ಲಿ ನಡೆದ ಹಾಗೆ ನಡೆಯತೊಡಗಿತು. ಒಳಗೆ ಯಾವ ಪ್ರೋಗ್ರಾಮು ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಪಟ್ಟಿ ತೆಗೆದು ನೋಡಿದೆ. ಭಾರವಾದದ್ದು ಒಂದೂ ಇರಲಿಲ್ಲ. ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು. ಕೊನೆಗೆ ವೈರಸ್ ಹುಡುಕಲು ಬಿಟ್ಟೆ. ಆ ನಿಧಾನದಲ್ಲಿ ಅದು ಸಂಜೆಯವರೆಗೂ ಹುಡುಕಿತು, ಏನೂ ಸಿಗಲಿಲ್ಲ.

"ಆಟದಲ್ಲೇನೂ ಇರ್ಲಿಲ್ಲ ಅಂತಾಯ್ತು," ಎಂದೆ.

"ನಿನ್ನ ಯಂತ್ರಕ್ಕೆ ಕಾಣಿಸ್ದೆ ಇರೋ ವೈರಸ್ಸೂ ಇರತ್ತೆ," ಎಂದಳು ಪೆರುಸಿ.

ಮರುದಿನ ಬೆಳಿಗ್ಗೆ ಏಳಕ್ಕೇ ಹೋದೆ. ಊರಂಚಿನ ಸರೋವರದ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಆ ಹೊತ್ತಿನಲ್ಲಿ ಕಂಪ್ಯೂಟರು ಅರ್ಧ ಗಂಟೆ ಸರಿಯಾಗಿ ಓಡಿತು, ಆಮೇಲೆ ಮತ್ತೆ ಅದೇ ಕಥೆ. ನಿನ್ನೆ ಉರಿಬಿಸಿಲಲ್ಲಿ ಹತ್ತೇ ನಿಮಿಷ, ಇಂದು ತಂಪಿನಲ್ಲಿ ಅರ್ಧ ಗಂಟೆ. ನಾನು ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟೆ. ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಕಿವಿಗೊಟ್ಟು ಕೇಳಿದೆ.

"ಪೆರುಸಿ, ಇದು ಮೊದಲು ಸದ್ದು ಮಾಡ್ತಿತ್ತಲ್ವಾ?"

"ಅಯ್ಯೋ, ಗುಂಯ್ ಅಂತ ತಲೆ ತಿಂತಿತ್ತು. ಈಗ ಎಷ್ಟೋ ದಿನದಿಂದ ಶಾಂತವಾಗಿದೆ. ಅದೊಂದೇ ಪುಣ್ಯ."

"ಎಷ್ಟು ದಿನದಿಂದ?"

ಅವಳು ಬೆರಳು ಮಡಿಸಿದಳು. "ಎಂಬಾಲೆಯಿಂದ ಬಂದಾಗಿಂದ."

ಎಂಬಾಲೆಗೆ ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಇಬ್ಬರೂ ಹೋಗಿ, ಹತ್ತು ದಿನದ ಹಿಂದೆ ಮರಳಿದ್ದರು. ಮೂರು ವಾರ ಮನೆಗೆ ಬೀಗ. ಕಿಟಕಿಯ ಗಾಜಿನ ಪಟ್ಟಿಗಳು ಮಾತ್ರ ಗಾಳಿಗೆಂದು ತೆರೆದೇ ಇದ್ದವು. ನಿನ್ನೆ ನಾನು, ಈಚೆಗೆ ಏನಾದರೂ ಬದಲಾಯಿತೇ ಎಂದು ಎರಡು ಸಲ ಕೇಳಿದ್ದೆ. ಎರಡು ಸಲವೂ ಅವಳು ಆಟದ ಮಾತೇ ಎತ್ತಿದ್ದಳು.

ವೈರು ಕಿತ್ತು, ಪೆಟ್ಟಿಗೆಯನ್ನು ಜಗಲಿಯ ಬೆಳಕಿಗೆ ಹೊತ್ತು ತಂದು ತಿರುಪು ಬಿಚ್ಚಿದೆ. ಪಕ್ಕದ ತಗಡು ಕಳಚಿದ್ದೇ ಪೆರುಸಿ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗಿನ ಫ್ಯಾನಿನ ರೆಕ್ಕೆಗಳ ನಡುವೆ ಬೆರಳು ಗಾತ್ರದ ಮಣ್ಣಿನ ಕೊಳವೆಗಳು, ಒಂದರ ಪಕ್ಕ ಒಂದು, ನುಣ್ಣಗೆ ಮೆತ್ತಿದ್ದವು. ಮಣ್ಣಿನ ಗೂಡು ಕಟ್ಟುವ ಕಣಜ. ಹಿಂದುಗಡೆ ಒಂದು ಮುಚ್ಚಳ ಯಾವತ್ತೋ ಬಿದ್ದುಹೋಗಿತ್ತು, ಕಣಜ ಅಲ್ಲಿಂದಲೇ ಒಳಗೆ ಬಂದಿರಬೇಕು.

"ಫ್ಯಾನ್ ತಿರುಗ್ತಿಲ್ಲ," ಎಂದೆ. "ಅದು ತಿರುಗ್ದಿದ್ರೆ ಕೆಳಗಿರೋ ಚಿಪ್ ಕಾಯತ್ತೆ. ಕಾದ್ರೆ ಸುಟ್ಟುಹೋಗ್ಬಾರ್ದು ಅಂತ ತಾನೇ ನಿಧಾನ ಮಾಡ್ಕೊಳತ್ತೆ. ಅಷ್ಟೇ ರೋಗ."

ಯೊನಾಸಾನಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ನಾನು ಚಾಕುವಿನ ತುದಿಯಿಂದ ಒಂದು ಕೊಳವೆ ಒಡೆದೆ. ಒಳಗೆ ಕಣಜ ಕುಟುಕಿ ಮರಿಗಳಿಗೆಂದು ಕೂಡಿಟ್ಟ ಜೇಡಗಳು. ಇನ್ನೂ ಕಾಲು ಆಡಿಸುತ್ತಿದ್ದವು.

"ಪೆರುಸಿ, ಇದನ್ನ ಇಂಟರ್ನೆಟ್ಟಿಂದ ನಾನು ಇಳಿಸ್ಕೊಂಡಿಲ್ಲ," ಎಂದರು ಯೊನಾಸಾನಿ.

ಪೆರುಸಿ ಒಳಗೆ ಹೋದಳು. ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು ನನ್ನ ಕೈಗೆ ಕೊಟ್ಟಳು. ಮಣ್ಣು ಕೆರೆದು, ಊದಿ, ಉಜ್ಜಿ ಮುಗಿಸಲು ಒಂದು ಗಂಟೆ ಹಿಡಿಯಿತು. ಮತ್ತೆ ಹಚ್ಚಿದಾಗ ಫ್ಯಾನು ಕಟಕಟ ಎಂದು ಒಂದೆರಡು ಸಲ ತಡವರಿಸಿ, ಆಮೇಲೆ ಗುಂಯ್ ಎಂದಿತು. ಹತ್ತು ನಿಮಿಷ ನೋಡಿದೆವು, ಒಂದು ಗಂಟೆ ನೋಡಿದೆವು. ನಿಧಾನವಾಗಲಿಲ್ಲ.

ಆಗ ಪೆರುಸಿ ಗಂಡನ ಎದುರಿಗೆ ಹೋಗಿ ನಿಂತಳು. "ನಂದೇ ತಪ್ಪು. ನಿಮ್ಮ ಮಾತು ಕೇಳ್ದೆ ಅಳಿಸ್ಬಿಟ್ಟೆ."

"ನಾಲ್ಕು ಸಲ ಸೋಲ್ಸಿದ್ದೆ ಅದನ್ನ," ಎಂದರು ಅವರು. "ಐದನೇದು ಅರ್ಧ ಆಗಿತ್ತು."

"ಎಸೆಜಾ ಮತ್ತೆ ಹಾಕಿಕೊಡ್ತಾಳೆ."

"ಆಟ ಆಮೇಲಾಯ್ತು. ಎಷ್ಟು ಪತ್ರಿಕೆ ಬಾಕಿ ಇದೆ?"

"ಮೂರು. ಎರಡು ದಿನ ಹಾಳಾಯ್ತು. ಈ ಮೇಷ್ಟ್ರ ಕೈಬರಹ ಓದ್ಕೊಂಡು ಟೈಪ್ ಮಾಡೋಷ್ಟ್ರಲ್ಲಿ ಶನಿವಾರ ಆಗತ್ತೆ."

"ನಾನು ಓದ್ತೀನಿ, ನೀನು ಬರಿ."

ಪೆರುಸಿ ಒಂದು ಗಳಿಗೆ ಅನುಮಾನಿಸಿದಳು. ಈ ಟೈಪಿನ ಕೆಲಸ ಹಿಡಿದ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆ ಹಾಳೆಗಳನ್ನು ಅವರ ಕೈಗೆ ಕೊಟ್ಟವಳಲ್ಲ. ಕೊನೆಗೆ ಬೀರು ತೆಗೆದು ಲಕೋಟೆ ತಂದು ಅವರ ತೊಡೆಯ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೇಜಾರು ಮಾಡ್ಕೋಬೇಡ ಎಸೆಜಾ. ಇವರು ಗಟ್ಟಿಯಾಗಿ ಓದ್ತಾರೆ. ನೀನು ಹೊರಡು."

"ಚಹಾನೂ ಇಲ್ವಾ?"

"ಪರೀಕ್ಷೆ ಮುಗಿದ್ಮೇಲೆ ಊಟಕ್ಕೇ ಬಾ."

ಹೊರಟೆ. ಬೇಲಿ ದಾಟುವಷ್ಟರಲ್ಲಿ ಯೊನಾಸಾನಿ ಓದುವ ದನಿ ಏರಿತ್ತು. ನಾನು ಅಡುಗೆಮನೆಗೆ ಹೋಗಿ ರೇಡಿಯೊ ಜೋರು ಮಾಡಿದೆ.

ಗುರುವಾರ ಸಂಜೆಗೇ ಕೆಲಸ ಮುಗಿಯಿತು. ಶುಕ್ರವಾರ ಎಂಟು ಗಂಟೆಗೆ ಗಂಡ ಹೆಂಡತಿ ಬಾಡಿಗೆಗೆ ಓಡುವ ಒಂದೇ ಬೋಡಾ ಬೈಕಿನ ಹಿಂದೆ ಒತ್ತಿಕೊಂಡು ಕೂತು, ಅರಗು ಹಾಕಿದ ಕಟ್ಟುಗಳನ್ನು ಮಧ್ಯೆ ಇಟ್ಟುಕೊಂಡು ಶಾಲೆಗೆ ಹೋದರು. ಅವರು ಬರುವಷ್ಟರಲ್ಲಿ ನಾನು ಪೇಟೆಯಿಂದ ಹೊಸ ಫ್ಯಾನು ತಂದಿದ್ದೆ. ಅದನ್ನು ಕೂರಿಸಿ, ಹಿಂದಿನ ತೂತಿಗೆ ಸಣ್ಣ ಕಣ್ಣಿನ ಜಾಲರಿ ಕತ್ತರಿಸಿ ಬಿಗಿದೆ.